ಜನರಿಲ್ಲದ ದ್ವೀಪ, ಮೊಟ್ಟೆಯಲ್ಲಿ ಪಾದರಸ

ಕೆನಡಾದ ಆರ್ಕ್‌ಟಿಕ್‌ನಲ್ಲಿ ಪ್ರಿನ್ಸ್ ಲಿಯೋಪೋಲ್ಡ್ ಅಂತ ಪುಟ್ಟ ದ್ವೀಪವಿದೆ. ಜನವಸತಿ ಇಲ್ಲ. ಬೇಸಿಗೆಯಲ್ಲಿ ಲಕ್ಷಗಟ್ಟಲೆ ಕಡಲಹಕ್ಕಿಗಳು ಅದರ ಕಡಿದಾದ ಬಂಡೆಗಳ ಮೇಲೆ ಮರಿ ಮಾಡುತ್ತವೆ. 1975ರಿಂದ ವಿಜ್ಞಾನಿಗಳು ಆ ಮೊಟ್ಟೆಗಳನ್ನು ಪರೀಕ್ಷಿಸುತ್ತಿದ್ದಾರೆ. ಸಿಕ್ಕಿದ್ದು ಡಿಡಿಟಿ, ಪಿಸಿಬಿ, ಪಾದರಸ.

ಕಾರ್ಖಾನೆಯೇ ಇಲ್ಲದ ಕಡೆ ಇವು ಬಂದದ್ದು ಹೇಗೆ? ಎಂಜಿನಿಯರಿಂಗ್‌ನಲ್ಲಿ ನಾನು ಓದಿದ ಡಿಸ್ಟಿಲೇಶನ್ ಪಾಠ ಅಷ್ಟೇ: ಬಿಸಿಯಲ್ಲಿ ಆವಿಯಾದದ್ದು ತಂಪಿನಲ್ಲಿ ಇಳಿಯುತ್ತೆ. ಪಾದರಸವೂ ಗಾಳಿಯಲ್ಲೇ ಖಂಡ ದಾಟುತ್ತೆ. ಆಮೇಲೆ ಮೀನು, ಹಕ್ಕಿ; ಪ್ರತಿ ಹಂತಕ್ಕೂ ಸಾಂದ್ರತೆ ಏರುತ್ತೆ, ಹಕ್ಕಿಯಿಂದ ಮೊಟ್ಟೆಗೂ ಸೇರುತ್ತೆ.

ನಿಷೇಧಗಳ ನಂತರ ಮೊಟ್ಟೆಗಳಲ್ಲಿ ಡಿಡಿಟಿ, ಪಿಸಿಬಿ ಇಳಿದವು. ಪಾದರಸ ಮಾತ್ರ 1975ರ ನಂತರ ದಶಕಗಳ ಕಾಲ ಏರಿತು. ಅದರ ದೊಡ್ಡ ಮೂಲಗಳಲ್ಲೊಂದು ಕಲ್ಲಿದ್ದಲು. ಭಾರತ 2018ರಲ್ಲಿ ಮಿನಮಾಟಾ ಒಪ್ಪಂದವನ್ನು ಅನುಮೋದಿಸಿದೆ. ಹಾಗಾಗಿ ರಾಯಚೂರಿನ ಚಿಮಣಿ ಕೂಡ ಈ ಲೆಕ್ಕದಲ್ಲಿದೆ. 'ಕಾನೂನಿಂದ ಏನಾಗುತ್ತೆ' ಅನ್ನುವವರಿಗೆ ಆ ಮೊಟ್ಟೆಗಳೇ ಉತ್ತರ.