ಯೂಕ್ಲಿಡ್ ಗ್ರಾಮದ ವಲಯವಿಭಾಗ: ಅಮೆರಿಕಾದ ವಸತಿಶಾಸನಗಳಲ್ಲಿ ವಾಚ್ಯವೂ ವ್ಯಂಗ್ಯವೂ

ಅಮೆರಿಕಾ ಸಂಯುಕ್ತಸಂಸ್ಥಾನಗಳಷ್ಟು ವಿಸ್ತಾರವೂ ಧನಸಂಪನ್ನವೂ ಆದ ದೇಶದಲ್ಲಿ, ದುಡಿಯುವವನಿಗೆ ಅವನ ಕೆಲಸದ ಸಮೀಪದಲ್ಲಿ ಕೈಗೆಟಕುವ ಬೆಲೆಗೆ ಮನೆ ಏಕೆ ದೊರೆಯದು? ಈ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಹಲವು ಉತ್ತರಗಳನ್ನು ಕೊಡುವರು. ಅವುಗಳಲ್ಲಿ ಒಂದು ಮಾತ್ರ ಶಬ್ದಾರ್ಥವಿಚಾರದಲ್ಲಿ ಪರಿಶ್ರಮವುಳ್ಳ ಈ ಪತ್ರಿಕೆಯ ವಾಚಕರಿಗೆ ವಿಶೇಷವಾಗಿ ಸೇರಿದುದೆಂದು ತೋರುವುದರಿಂದ ಅದನ್ನಿಲ್ಲಿ ವಿವರಿಸಲು ಯತ್ನಿಸುವೆನು. ಅದಾವುದೆಂದರೆ, ಅಲ್ಲಿಯ ಪುರಸಭೆಗಳು ಮಾಡಿಕೊಂಡ ನಿಬಂಧನೆಗಳ ಭಾಷೆ. ಆ ನಿಬಂಧನೆಗಳು ನೆಲವನ್ನು ಕುರಿತು ಮಾತನಾಡುತ್ತವೆ. ಮನುಷ್ಯರನ್ನು ಕುರಿತು ಒಂದಕ್ಷರವನ್ನೂ ಆಡುವುದಿಲ್ಲ. ಆದಾಗ್ಯೂ ಯಾರು ಎಲ್ಲಿ ವಾಸಿಸತಕ್ಕದ್ದೆಂಬುದು ಬಹುಮಟ್ಟಿಗೆ ಅವುಗಳಿಂದಲೇ ನಿರ್ಣಯವಾಗುತ್ತದೆ.

ಈ ಪದ್ಧತಿಗೆ ಇಂಗ್ಲಿಷಿನಲ್ಲಿ 'ಜೋನಿಂಗ್' ಎಂದು ಹೆಸರು. 'ಜೋನ್' ಎಂಬುದು ನಡುಕಟ್ಟು ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮ ಮೇಖಲಾಶಬ್ದಕ್ಕೆ ಸಮಾನವಾದುದು. ಕನ್ನಡದಲ್ಲಿ ವಲಯವಿಭಾಗವೆಂದು ಕರೆಯಬಹುದು.

ಮೊದಮೊದಲು ಅಲ್ಲಿಯ ಪುರಸಭೆಗಳು ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟೇ ಹೇಳಿದವು. 1910ರಲ್ಲಿ ಬಾಲ್ಟಿಮೋರ್ ಪಟ್ಟಣವೂ, 1914ರಲ್ಲಿ ಕೆಂಟಕಿ ಸಂಸ್ಥಾನದ ಲೂಯಿವಿಲ್ ಪಟ್ಟಣವೂ, ಬಿಳಿಯರು ಅಧಿಕವಾಗಿರುವ ಬೀದಿಯಲ್ಲಿ ಕಪ್ಪು ಜನರು ವಾಸಕ್ಕೆ ಬರಕೂಡದೆಂದು ವಿಧಿಸಿದವು. ಕಪ್ಪು ಜನರ ಬೀದಿಗೆ ಬಿಳಿಯರೂ ಹೋಗಕೂಡದೆಂದು ಸೇರಿಸಿ ಸಮತೆಯ ವೇಷವನ್ನೂ ತೊಡಿಸಿದವು. 1917ರಲ್ಲಿ ಆ ದೇಶದ ಸರ್ವೋನ್ನತ ನ್ಯಾಯಸ್ಥಾನವು ಲೂಯಿವಿಲ್ ನಿಬಂಧನೆಯನ್ನು ರದ್ದುಮಾಡಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತೀರ್ಪಿಗೆ ಮುಖ್ಯಾಧಾರವಾದುದು ಕೊಳ್ಳುವವನ ಮಾನವಲ್ಲ, ತನ್ನ ಸ್ವತ್ತನ್ನು ಇಷ್ಟಬಂದವರಿಗೆ ಮಾರುವ ಒಡೆಯನ ಹಕ್ಕು. ಅದೆಂತಾದರೂ ಇರಲಿ, ಜನರ ವರ್ಣವನ್ನು ಹೆಸರಿಸಿ ನೆಲವನ್ನು ಹಂಚುವ ಮಾರ್ಗವು ಅಂದಿಗೆ ಮುಚ್ಚಿತು. ವಾಚ್ಯವಾಗಿ ಹೇಳಲಾಗದ್ದನ್ನು ಬೇರೊಂದು ಬಗೆಯಿಂದ ಹೇಳಬೇಕಾಯಿತು.

ಆ ಬಗೆಯು ಶಾಸ್ತ್ರೀಯವಾಗಿ ಸಿದ್ಧವಾದುದು ಓಹಾಯೋ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಅಂಚಿನಲ್ಲಿರುವ ಯೂಕ್ಲಿಡ್ ಎಂಬ ಗ್ರಾಮದಲ್ಲಿ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆ ಪ್ರಾಂತವನ್ನು ಅಳೆಯಲು ಬಂದ ಮೋಜಣಿದಾರರು ತಮ್ಮ ವಿದ್ಯೆಗೆ ಗುರುವಾದ ಗ್ರೀಕ್ ರೇಖಾಗಣಿತಜ್ಞನ ಹೆಸರನ್ನು ಅದಕ್ಕಿಟ್ಟರು. ಜಗನ್ನಾಥ ಸಮ್ರಾಟನು ಅರಬ್ಬಿಯಿಂದ ಸಂಸ್ಕೃತಕ್ಕೆ 'ರೇಖಾಗಣಿತ'ವೆಂದು ತಂದುದು ಆತನ ಗ್ರಂಥವನ್ನೇ. 1922ರಲ್ಲಿ ಈ ಗ್ರಾಮಸಭೆಯು ತನ್ನ ಸಮಸ್ತ ನೆಲವನ್ನೂ ಉಪಯೋಗದೃಷ್ಟಿಯಿಂದ ಆರು ವರ್ಗಗಳಾಗಿಯೂ, ಕಟ್ಟಡದ ಎತ್ತರದಿಂದ ಮೂರಾಗಿಯೂ, ನಿವೇಶನದ ಅಳತೆಯಿಂದ ನಾಲ್ಕಾಗಿಯೂ ವಿಭಾಗಿಸಿತು. ಉಪಯೋಗವರ್ಗದಲ್ಲಿ ಮೊದಲನೆಯದು ಒಂದೊಂದು ಸಂಸಾರಕ್ಕೆ ಒಂದೊಂದರಂತೆ ಬಿಡಿಮನೆಗಳಿಗೆ ಮೀಸಲು, ಎರಡನೆಯದರಲ್ಲಿ ಎರಡು ಸಂಸಾರಗಳ ಮನೆಯೂ ಆಗಬಹುದು, ಹಲವು ಸಂಸಾರಗಳು ಒಂದೇ ಸೂರಿನಡಿಯಿರುವ ಬಾಡಿಗೆಯ ಮಹಡಿಮನೆ ಮೂರನೆಯದರಿಂದ ಮುಂದೆ, ಕಾರ್ಖಾನೆಗಳು ಕಟ್ಟಕಡೆಯಲ್ಲಿ. ಆಂಬ್ಲರ್ ಎಂಬ ಭೂವ್ಯಾಪಾರಸಂಸ್ಥೆಗೆ ಅಲ್ಲಿ 68 ಎಕರೆ ನೆಲವಿದ್ದಿತು. ಕಾರ್ಖಾನೆಗೆ ಮಾರಿದರೆ ಎಕರೆಗೆ 10,000 ಡಾಲರು ಬರುವ ನೆಲವು ವಾಸಕ್ಕೆ ಮೀಸಲಾದ್ದರಿಂದ 2,500 ಡಾಲರಿಗೆ ಇಳಿಯಿತೆಂದು ಆ ಸಂಸ್ಥೆಯವರು ವ್ಯಾಜ್ಯ ಹೂಡಿದರು.

ಕೆಳಗಿನ ನ್ಯಾಯಸ್ಥಾನದ ನ್ಯಾಯಾಧೀಶ ವೆಸ್ಟೆನ್‌ಹೇವರ್ 1924ರಲ್ಲಿ ನಿಬಂಧನೆಯನ್ನು ತಳ್ಳಿಹಾಕುತ್ತ, ಇದರ ಅಂತಿಮಫಲವು ಜನರನ್ನು ಅವರ ವರಮಾನವನ್ನೂ ಸ್ಥಿತಿಗತಿಯನ್ನೂ ನೋಡಿ ವರ್ಗವರ್ಗವಾಗಿ ಬೇರ್ಪಡಿಸುವುದೇ ಆಗಿದೆಯೆಂದು ಬರೆದನು. ಆತನು ವಾಕ್ಯದ ವ್ಯಂಗ್ಯವನ್ನು ಗ್ರಹಿಸಿದ್ದನು. 1926ರಲ್ಲಿ ಸರ್ವೋನ್ನತ ನ್ಯಾಯಸ್ಥಾನದ ಬಹುಮತವು ಅದನ್ನು ಒಪ್ಪದೆ, ಬೆಂಕಿ, ಗದ್ದಲ, ಮಕ್ಕಳ ಆರೋಗ್ಯ ಮುಂತಾದ ಕಾರಣಗಳಿಂದ ನಿಬಂಧನೆಯನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ಬರೆದ ಸದರ್ಲೆಂಡ್ ಎಂಬ ನ್ಯಾಯಮೂರ್ತಿಯು, ಬಿಡಿಮನೆಗಳ ನಡುವೆ ತಲೆಯೆತ್ತುವ ಬಾಡಿಗೆಮನೆಯನ್ನು ಪರೋಪಜೀವಿಗೆ ಹೋಲಿಸಿದನು. ನಮ್ಮ ಹಳ್ಳಿಯವರ ಮಾತಿನಲ್ಲಿ ಹೇಳುವುದಾದರೆ, ಮರದ ರಸವನ್ನು ಹೀರುವ ಬದನಿಕೆ. ನಿಂದೆಯು ಕಟ್ಟಡಕ್ಕೆ, ತಾಗುವುದು ಅದರೊಳಗಿರುವ ಬಡ ಸಂಸಾರಕ್ಕೆ. ಅಂದಿನಿಂದ ಈ ಪದ್ಧತಿಗೆ 'ಯೂಕ್ಲಿಡೀಯ ವಲಯವಿಭಾಗ'ವೆಂದೇ ಹೆಸರಾಯಿತು. ಇಷ್ಟೆಲ್ಲ ವಾದಕ್ಕೆ ಕಾರಣವಾದ ಆಂಬ್ಲರ್ ನೆಲದ ಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯೇ ಎದ್ದಿತು.

'ಗಂಗಾಯಾಂ ಘೋಷಃ' ಎಂಬ ಆಲಂಕಾರಿಕರ ಉದಾಹರಣೆಯನ್ನು ವಾಚಕರು ಬಲ್ಲರು. ಗಂಗೆಯ ಮೇಲೆ ಗೊಲ್ಲರಹಟ್ಟಿಯೆಂದರೆ ಲಕ್ಷಣೆಯಿಂದ ದಡವೆಂದೂ, ವ್ಯಂಜನೆಯಿಂದ ಶೈತ್ಯಪಾವನತ್ವಗಳೆಂದೂ ಅರ್ಥ. ಆ ಉದಾಹರಣೆಯೂ ಒಂದು ವಸತಿಯನ್ನೇ ಕುರಿತದ್ದಾಗಿರುವುದು ಕಾಕತಾಳೀಯ. 'ಒಂದು ಎಕರೆಗೆ ಒಂದೇ ಮನೆ' ಎಂಬ ವಿಧಿಯ ವಾಚ್ಯಾರ್ಥವು ಅಳತೆ. ಎಕರೆ ನೆಲವನ್ನು ಕೊಳ್ಳಲಾರದವನು ಇತ್ತ ಬರಬೇಡ ಎಂಬುದು ವ್ಯಂಗ್ಯ. ವರ್ಣದ ಹೆಸರಿಲ್ಲ. ಆದರೆ ತಲೆಮಾರುಗಳಿಂದ ಧನವನ್ನು ಕೂಡಿಡಲು ಅವಕಾಶವಿಲ್ಲದವರು ಯಾರೆಂಬುದು ಆ ದೇಶದಲ್ಲಿ ಎಲ್ಲರಿಗೂ ತಿಳಿದದ್ದೇ.

ನಮ್ಮವರು ಇಂತಹ ವ್ಯಂಜನೆಯ ಶ್ರಮವನ್ನೂ ವಹಿಸಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಪ್ರಾಮಾಣಿಕವು. 1909ರಲ್ಲಿ ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಿವೇಶಪ್ರಕರಣವು ನಾಲ್ಕು ವರ್ಣಗಳಿಗೆ ನಾಲ್ಕು ದಿಕ್ಕುಗಳನ್ನು ಹಂಚಿ, ಚಂಡಾಲರಿಗೆ ಶ್ಮಶಾನದ ಅಂಚನ್ನು ಅಭಿಧೆಯಿಂದಲೇ ಗೊತ್ತುಮಾಡುತ್ತದೆ.

ಪ್ರಕೃತಕ್ಕೆ ಬರೋಣ. ಕೇಂದ್ರಸರ್ಕಾರವೂ ಇದಕ್ಕೆ ಕೈಗೂಡಿಸಿತು. 1933ರಲ್ಲಿ ಹುಟ್ಟಿದ ಗೃಹಸಾಲದ ನಿಗಮವು ಇನ್ನೂರಕ್ಕೂ ಹೆಚ್ಚು ಪಟ್ಟಣಗಳ ನಕ್ಷೆಗಳನ್ನು ಬರೆಸಿ, ಸಾಲಕ್ಕೆ ಅಪಾಯಕರವೆಂದು ಎಣಿಸಿದ ಕೇರಿಗಳಿಗೆ ಕೆಂಪುಬಣ್ಣವನ್ನು ಹಚ್ಚಿತು. ಕಪ್ಪು ಜನರ ಕೇರಿಗಳು ಪ್ರಾಯಶಃ ಎಲ್ಲವೂ ಕೆಂಪಾದವು. 1934ರಲ್ಲಿ ಏರ್ಪಟ್ಟ ಮತ್ತೊಂದು ಇಲಾಖೆಯು ಅಂತಹ ಕೇರಿಗಳ ಸಾಲಕ್ಕೆ ಜಾಮೀನು ನಿಲ್ಲದೆ, ಹೊರವಲಯದಲ್ಲಿ ಬಿಳಿಯರು ಕಟ್ಟಿಸುವ ಹೊಸ ಮನೆಗಳಿಗೆ ಉದಾರವಾಗಿ ನಿಂತಿತು. 1949ರ ಗೃಹಶಾಸನವು ಪ್ರತಿಯೊಂದು ಸಂಸಾರಕ್ಕೂ ಯೋಗ್ಯವಾದ ಮನೆಯಾಗಬೇಕೆಂಬ ಧ್ಯೇಯವನ್ನು ಸಾರಿ, ಕೊಳಚೆಕೇರಿಗಳನ್ನು ಕೆಡವಲು ಹಣ ಕೊಟ್ಟಿತು. ಸೇಂಟ್ ಲೂಯಿಸ್ ನಗರದಲ್ಲಿ ಹೀಗೆ ಕಟ್ಟಿಸಿದ ಪ್ರೂಯಿಟ್-ಐಗೋ ಎಂಬ ವಸತಿಯಲ್ಲಿ ಹನ್ನೊಂದು ಅಂತಸ್ತಿನ 33 ಕಟ್ಟಡಗಳಿದ್ದವು. 1954ರಲ್ಲಿ ಜನರು ಅಲ್ಲಿಗೆ ಬಂದರು. ದುರಸ್ತಿಯ ಖರ್ಚನ್ನು ಬಾಡಿಗೆಯಿಂದಲೇ ತೆಗೆಯಬೇಕು, ಬಾಡಿಗೆ ಕೊಡುವವರೋ ಕಡುಬಡವರು. ಬಿಳಿಯರು ಹೊರವಲಯಕ್ಕೆ ಹೊರಟುಹೋದರು. 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಉರುಳಿಸಲಾರಂಭಿಸಿತು. ಸುಂಕ ತಪ್ಪಿಸಲು ರಾತ್ರಿಯೆಲ್ಲ ಸುತ್ತಿ ಬೆಳಗಿಗೆ ಸುಂಕದ ಕಟ್ಟೆಗೇ ಬಂದ ಘಟ್ಟಕುಟೀಪ್ರಭಾತನ್ಯಾಯ.

1968ರ ಶಾಸನವು ಮನೆ ಮಾರುವುದರಲ್ಲಿಯೂ ಬಾಡಿಗೆಗೆ ಕೊಡುವುದರಲ್ಲಿಯೂ ವರ್ಣಭೇದವನ್ನು ನಿಷೇಧಿಸಿತು. ಅಳತೆಯ ವಿಧಿಗಳು ಮಾತ್ರ ಹಾಗೆಯೇ ಉಳಿದವು. ಅವು ಉಳಿದುದಕ್ಕೆ ವರ್ಣದ್ವೇಷವೊಂದೇ ಕಾರಣವಲ್ಲ, ತೆರಿಗೆಯೂ ಕಾರಣವು; ಇದು ನ್ಯೂಜೆರ್ಸಿ ಸಂಸ್ಥಾನದ ಮೌಂಟ್ ಲಾರೆಲ್ ಎಂಬ ಊರಿನ ವ್ಯಾಜ್ಯದಿಂದ ಸ್ಪಷ್ಟವಾಗುತ್ತದೆ. ಅಲ್ಲಿ ಶಾಲೆಗಳ ವೆಚ್ಚದ ಬಹುಭಾಗವು ಊರಿನ ಮನೆತೆರಿಗೆಯಿಂದ ಬರತಕ್ಕದ್ದು. ದೊಡ್ಡ ಮನೆ ಹೆಚ್ಚು ತೆರಿಗೆ ಕೊಡುತ್ತದೆ. ಚಿಕ್ಕ ಮನೆ ಕಡಮೆ ತೆರಿಗೆ ಕೊಟ್ಟು ಮಕ್ಕಳನ್ನು ಶಾಲೆಗೆ ಕಳುಹಿಸುತ್ತದೆ. ಆದುದರಿಂದ ಊರಿನ ಲೆಕ್ಕದಲ್ಲಿ ಬಡವರ ಮಗುವೆಂಬುದು ವೆಚ್ಚದ ಬಾಬು. ಈ ಊರಿನವರು ಒಂದು ವಸತಿಯೋಜನೆಗೆ ಅಪ್ಪಣೆ ಕೊಡುವಾಗ, ಬಹುಸಂಸಾರದ ಕಟ್ಟಡಗಳಲ್ಲಿ ಮನೆಯೊಂದಕ್ಕೆ ಸರಾಸರಿ 0.3ಕ್ಕಿಂತ ಹೆಚ್ಚು ಶಾಲಾಮಕ್ಕಳಾದರೆ ಹೆಚ್ಚಾದವರ ವಿದ್ಯಾಭ್ಯಾಸದ ವೆಚ್ಚವನ್ನು ಕಟ್ಟಿಸಿದವನೇ ಭರಿಸಬೇಕೆಂದು ಕರಾರು ಮಾಡಿಸಿಕೊಂಡಿದ್ದರು. ಸಂತಾನವನ್ನು ದಶಾಂಶದಲ್ಲಿ ಮಿತಿಗೊಳಿಸಿದ ಶಾಸನವು ಯಾವ ಧರ್ಮಶಾಸ್ತ್ರದಲ್ಲಿಯೂ ನನಗೆ ಕಂಡಿಲ್ಲ.

ಎಥೆಲ್ ಲಾರೆನ್ಸ್ ಎಂಬ ಕಪ್ಪು ಮಹಿಳೆಯ ಪೂರ್ವಿಕರು ತಲೆಮಾರುಗಳಿಂದ ಆ ಊರಿನ ನಿವಾಸಿಗಳು. ತಮ್ಮ ಮಕ್ಕಳೂ ನೆರೆಯವರೂ ಅಲ್ಲಿಯೇ ಇರಲು ಅಗ್ಗದ ಮನೆಗಳಿಗೆ ಅಪ್ಪಣೆ ಕೇಳಿ ದೊರೆಯದೆ, ಆಕೆಯೂ ಇತರರೂ 1971ರಲ್ಲಿ ನ್ಯಾಯಸ್ಥಾನಕ್ಕೆ ಹೋದರು. 1975ರಲ್ಲಿ ನ್ಯೂಜೆರ್ಸಿಯ ಸರ್ವೋನ್ನತ ನ್ಯಾಯಸ್ಥಾನವು ನ್ಯಾಯಮೂರ್ತಿ ಹಾಲ್ ಬರೆದ ತೀರ್ಪಿನಲ್ಲಿ, ಬೆಳೆಯುತ್ತಿರುವ ಊರು ತನ್ನ ನಿಬಂಧನೆಗಳಿಂದ ಬಡವರನ್ನು ಹೊರಗಿಡಲಾಗದೆಂದೂ, ಪ್ರಾಂತದ ವಸತಿಯ ಭಾರದಲ್ಲಿ ತನ್ನ ನ್ಯಾಯವಾದ ಪಾಲನ್ನು ಹೊರಬೇಕೆಂದೂ ವಿಧಿಸಿತು. ಇಲ್ಲಿ ನ್ಯಾಯಸ್ಥಾನವು ವಿಧಿಯ ಅಕ್ಷರವನ್ನು ಬಿಟ್ಟು ಅದರ ಫಲವನ್ನು ಪ್ರಮಾಣವಾಗಿ ಹಿಡಿಯಿತು. ಇದಕ್ಕೆ ವಿರುದ್ಧವಾಗಿ 1977ರಲ್ಲಿ ದೇಶದ ಸರ್ವೋನ್ನತ ನ್ಯಾಯಸ್ಥಾನವು ಇಲಿನಾಯ್ ಸಂಸ್ಥಾನದ ಆರ್ಲಿಂಗ್‌ಟನ್ ಹೈಟ್ಸ್ ಎಂಬ ಊರಿನ ಪ್ರಕರಣದಲ್ಲಿ, ಫಲದಲ್ಲಿ ವೈಷಮ್ಯವಿದ್ದರೆ ಸಾಲದು, ರಾಜ್ಯಾಂಗಭಂಗಕ್ಕೆ ಭೇದಮಾಡುವ ಉದ್ದೇಶವನ್ನೇ ತೋರಿಸಬೇಕೆಂದಿತು. ವ್ಯಂಗ್ಯವನ್ನು ಒಪ್ಪಲು ವಕ್ತೃವಿನ ತಾತ್ಪರ್ಯವು ಸಿದ್ಧವಾಗಲೇಬೇಕೆ ಎಂಬ ನಮ್ಮ ಹಳೆಯ ವಿವಾದವೇ ಅಲ್ಲಿ ಬೇರೆ ಉಡುಪಿನಲ್ಲಿ ನಡೆಯಿತು. ನನ್ನ ಮತವು ಹಾಲ್ ಅವರ ಪಕ್ಷದಲ್ಲಿದೆ. ಶಾಸನದ ವಕ್ತೃ ಒಬ್ಬನಲ್ಲ, ಸಭೆ. ಸಭೆಯ ಹೃದಯವನ್ನು ಬಗೆದು ನೋಡುವುದು ಯಾರಿಂದ ಸಾಧ್ಯ?

ಗೆದ್ದ ಮೇಲೂ ಮನೆಗಳು ಬೇಗನೆ ಏಳಲಿಲ್ಲ. ಎಥೆಲ್ ಲಾರೆನ್ಸ್ 1994ರಲ್ಲಿ ತೀರಿಕೊಂಡರು. ಆಕೆಯ ಹೆಸರಿನ ವಸತಿಗೆ ಮೊದಲ ನಿವಾಸಿಗಳು ಬಂದುದು 2000ದಲ್ಲಿ.

ಈಚಿನ ವರ್ಷಗಳಲ್ಲಿ ವಿಧಿಯನ್ನೇ ತಿದ್ದುವ ಪ್ರಯತ್ನವೂ ಆರಂಭವಾಗಿದೆ. ಮಿನಿಯಾಪೊಲಿಸ್ ಪುರಸಭೆಯು 2018ರಲ್ಲಿ ಒಪ್ಪಿದ ಯೋಜನೆಯಿಂದ, ಬಿಡಿಮನೆಗೆ ಮೀಸಲಾಗಿದ್ದ ನಿವೇಶನದಲ್ಲಿ ಮೂರು ಸಂಸಾರಗಳವರೆಗೆ ಇರಬಹುದೆಂದಾಯಿತು. ಆರೆಗನ್ ಸಂಸ್ಥಾನದ 2019ರ ಶಾಸನದಂತೆ, 10,000ಕ್ಕೆ ಮೀರಿದ ಜನಸಂಖ್ಯೆಯ ಪಟ್ಟಣಗಳು ಬಿಡಿಮನೆಯ ನಿವೇಶನದಲ್ಲಿ ಎರಡು ಸಂಸಾರಗಳ ಮನೆಗೆ ಅಪ್ಪಣೆ ಕೊಡಲೇಬೇಕು. 25,000ಕ್ಕೆ ಮೀರಿದವು ನಾಲ್ಕರವರೆಗಿನ ಮನೆಗೂ ಎಡೆಗೊಡಬೇಕು. ಯೂಕ್ಲಿಡ್ ಗ್ರಾಮದವರು ಮೊದಲನೆಯ, ಎರಡನೆಯ, ಮೂರನೆಯ ವರ್ಗಗಳ ನಡುವೆ ಎಳೆದ ಗೆರೆಗಳು ಹೀಗೆ ಕೆಲವೆಡೆ ಮಾಸುತ್ತಿವೆ. ಎತ್ತರಕ್ಕೂ ಅಳತೆಗೂ ಸಂಬಂಧಿಸಿದ ಗೆರೆಗಳು ಬಹುಪಾಲು ಪಟ್ಟಣಗಳಲ್ಲಿ ಇನ್ನೂ ಇದ್ದಂತೆಯೇ ಇವೆ.