ಆಸವನ ಸ್ತಂಭವೂ ಕೊಳವೆಗಳ ವಿನ್ಯಾಸಕಾರನೂ

ಬಾದಾಮಿ, ಹುನಗುಂದ, ಇಳಕಲ್ಲುಗಳ ಒಣನೆಲವನ್ನು ದಾಟಿ ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯಾದ ಮುಧೋಳ, ಜಮಖಂಡಿಗಳ ಕಡೆಗೆ ನಡೆದರೆ, ಸಮೀರವಾಡಿಯಂಥ ಸ್ಥಳಗಳಲ್ಲಿ ಸಕ್ಕರೆಯೊಡನೆ ಮದ್ಯಸಾರವನ್ನೂ ತಯಾರಿಸುವ ಕಾರ್ಖಾನೆಗಳನ್ನು ನಾವು ಕಾಣುತ್ತೇವೆ. ಕಾಕಂಬಿಯನ್ನು ಹುದುಗಿಸಿ ಪಡೆದ ರಸದಲ್ಲಿ ಮದ್ಯಸಾರವು ನೂರಕ್ಕೆ ಹತ್ತು ಭಾಗದ ಆಸುಪಾಸಿನಲ್ಲಿರುತ್ತದೆ. ಸಾಧಾರಣ ವಾಯುಭಾರದಲ್ಲಿ ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಮದ್ಯಸಾರವು ಸುಮಾರು 78 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಸ್ತಂಭದೊಳಗಿನ ತಟ್ಟೆಗಳ ಮೇಲೆ ಏರುವ ಆವಿಯೂ ಇಳಿಯುವ ದ್ರವವೂ ಪದೇ ಪದೇ ಸಂಧಿಸುವುದರಿಂದ ಮೇಲೆ ಹೋದಂತೆ ಮದ್ಯಸಾರದ ಅಂಶ ಹೆಚ್ಚುತ್ತದೆ. ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಸ್ತಂಭವು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು, ಅದರ ದ್ವಾರಗಳು ಯಾವ ದಿಕ್ಕಿಗೆ ತೆರೆಯಬೇಕು ಎಂಬ ವಿಚಾರದಲ್ಲಿ ಅವು ಬಹುಮಟ್ಟಿಗೆ ಮೌನವಾಗಿವೆ. ಅದು ಕೊಳವೆಗಳ ವಿನ್ಯಾಸಕಾರನ ಕೆಲಸ. ಉಕ್ಕಿನ ಹಾಳೆಗೆ ರಂಧ್ರ ಬೀಳುವ ಮೊದಲೇ ಅದು ಮುಗಿಯಬೇಕು.

ಎತ್ತರದ ಪ್ರಶ್ನೆಯನ್ನು ಮೊದಲು ನೋಡೋಣ. ಸ್ತಂಭದ ತಳದಲ್ಲಿರುವ ದ್ರವವು ಕುದಿಯುವ ಸ್ಥಿತಿಯಲ್ಲಿಯೇ ಇರುತ್ತದೆ. ಪಂಪಿನ ಬಾಯಲ್ಲಿ ಒತ್ತಡವು ತುಸು ತಗ್ಗಿದರೂ ಅದು ಗುಳ್ಳೆಯಾಗುತ್ತದೆ; ಆ ಗುಳ್ಳೆಗಳು ಕುಸಿಯುವ ಹೊಡೆತಕ್ಕೆ ಪಂಪಿನ ಚಕ್ರವು ತೂತು ಬೀಳುತ್ತದೆ. ದ್ರವದ ಸ್ವಂತ ಭಾರವೇ ಇದಕ್ಕೆ ಪರಿಹಾರ. ಆದ್ದರಿಂದ ಸ್ತಂಭವನ್ನು ಪೀಠದ ಮೇಲೆ ಎತ್ತಿ ನಿಲ್ಲಿಸಿ ಪಂಪನ್ನು ಕೆಳಗಿಡಬೇಕು, ಹೀರುಕೊಳವೆಯು ಗಿಡ್ಡಾಗಿರಬೇಕು. ನಿರ್ವಾತದಲ್ಲಿ ನಡೆಯುವ ಸ್ತಂಭಗಳಿಗೂ ಈ ತರ್ಕ ತಪ್ಪದು: ಅಲ್ಲಿ ದ್ರವವು ಕಡಿಮೆ ಉಷ್ಣತೆಯಲ್ಲಿ ಕುದಿಯುತ್ತದೆ, ಆದರೆ ಕುದಿಯುತ್ತಲೇ ಇರುತ್ತದೆ. ಎತ್ತರ ಹೆಚ್ಚಿದಷ್ಟೂ ಗಾಳಿಯ ಹೊಡೆತವೂ ಖರ್ಚೂ ಹೆಚ್ಚುವುದರಿಂದ ಬೇಕಾದಷ್ಟೇ ಎತ್ತರ ಸಾಕು.

ಉಷ್ಣತೆಯಿಂದಾಗುವ ಹಿಗ್ಗುವಿಕೆಯೂ ಗಮನಾರ್ಹ. 30 ಮೀಟರ್ ಎತ್ತರದ ಉಕ್ಕಿನ ಸ್ತಂಭವು 30 ಡಿಗ್ರಿಯಿಂದ 100 ಡಿಗ್ರಿಗೆ ಕಾದರೆ ಸುಮಾರು 25 ಮಿಲಿಮೀಟರ್ ಬೆಳೆಯುತ್ತದೆ. ತುದಿಯಿಂದಿಳಿಯುವ ಆವಿಯ ಕೊಳವೆಯನ್ನು ನೆಲಕ್ಕೆ ಬಿಗಿದರೆ ಸಂದುಗಳ ಮೇಲೆ ಬಿಗಿತ ಬೀಳುತ್ತದೆ. ಅದನ್ನು ದ್ವಾರದ ಬಳಿಯಲ್ಲಿಯೇ ಸ್ತಂಭಕ್ಕೆ ಆತುಕೊಳ್ಳುವಂತೆ ಮಾಡಿ, ಕೆಳಗೆ ಅಡ್ಡಕ್ಕೆ ಸರಿಯದಂತೆ ಹಿಡಿತಗಳನ್ನು ಮಾತ್ರ ಇಡುವುದು ವಾಡಿಕೆ.

ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಸೂಕ್ಷ್ಮವಾದುದು ದಿಕ್ಕಿನ ನಿರ್ಣಯ. ಸ್ತಂಭದ ಒಂದು ಪಾರ್ಶ್ವವು ಕೊಳವೆಗಳಿಗೆ, ಇನ್ನೊಂದು ಮನುಷ್ಯರಿಗೆ ಎಂದು ವಿನ್ಯಾಸಕಾರನು ವಿಂಗಡಿಸುತ್ತಾನೆ. ಏಣಿ, ಅಟ್ಟಣಿಗೆ, ಒಳಹೊಗುವ ಬಾಗಿಲುಗಳು ದಾರಿಯ ಕಡೆಗಿರುತ್ತವೆ. ಕಾಕಂಬಿಯ ರಸವು ತಟ್ಟೆಗಳ ಮೇಲೆ ಸುಣ್ಣದ ಲವಣಗಳ ಗಟ್ಟಿ ಪದರವನ್ನು ಕಟ್ಟುವುದರಿಂದ ಈ ಬಾಗಿಲುಗಳನ್ನು ಆಗಾಗ ತೆರೆಯಬೇಕಾಗುತ್ತದೆ. ಬಾಗಿಲಿನೆದುರು ದ್ರವವಿಳಿಯುವ ಒಳಗಾಲುವೆಯ ಗೋಡೆ ಬಂದರೆ ಕೆಲಸಗಾರನು ಒಳಗೆ ಹೋಗಲಾರನು. ಹೊರಗೆ ಕೊಳವೆಯೊಂದು ಅಡ್ಡ ಹಾಯ್ದಿದ್ದರೆ, ಒಳಗೆ ಮೂರ್ಛೆ ಹೋದವನನ್ನು ಸಕಾಲದಲ್ಲಿ ಹೊರತೆಗೆಯಲಾಗದು.