ಮೂರೂವರೆ ಮುಡಿ ಅಕ್ಕಿ

ಕೆರಾಡಿಗೆ ಹೋದದ್ದು ಮೂಡುಗಲ್ಲಿನ ಗುಹೆ ನೋಡಲಿಕ್ಕೆ. ‘ಕಾಂತಾರ’ ಸಿನಿಮಾ ಬಂದ ಮೇಲೆ ಆ ಕಡೆ ತಿರುಗುವ ಕಾರುಗಳ ಸಾಲಿನಲ್ಲಿ ನಮ್ಮದೂ ಒಂದು, ಅದರಲ್ಲೇನೂ ಹೆಚ್ಚುಗಾರಿಕೆ ಇಲ್ಲ. ಗುಹೆಯೊಳಗಿನ ನೀರಿನಲ್ಲಿ ನಿಂತು ಕೇಶವನಾಥನಿಗೆ ಕೈಮುಗಿದು, ಕಾಲಿಗೆ ಮೀನು ತಾಗಿದಾಗ ಸಣ್ಣಗೆ ಹೌಹಾರಿ, ಹೊರಬಂದೆವು. ವಾಪಸು ಬರುವಾಗ ಒಂದು ಮನೆಯ ಅಂಗಳದಲ್ಲಿ ಮುಡಿ ಕಂಡಿತು. ಕಾರು ನಿಲ್ಲಿಸಿ ಎಂದೆ.

ಅಕ್ಕಿ ಮುಡಿಯನ್ನು ನಾನು ಕೊನೆಯ ಬಾರಿ ನೋಡಿದ್ದು ಅಜ್ಜಿ ಮನೆಯ ಅಟ್ಟದ ಮೇಲೆ. ಈಗ ಕಾಣುವುದೆಲ್ಲ ಪ್ಲಾಸ್ಟಿಕ್ ಚೀಲ. ಇಲ್ಲಿ ಮಾತ್ರ ಬೈಹುಲ್ಲು ಸುತ್ತಿ, ಹುಲ್ಲಿನದೇ ಹಗ್ಗ ಬಿಗಿದು, ತಟ್ಟಿ ತಟ್ಟಿ ಗುಂಡಗೆ ಮಾಡಿದ ಎರಡು ಮುಡಿಗಳು ಜಗಲಿಯ ಕೆಳಗೆ ಕೂತಿದ್ದವು. ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜಯ್ಯ. ಮನೆ ಖರ್ಚಿಗೆಂದು ವರ್ಷಕ್ಕೆ ನಾಲ್ಕೈದು ಕಟ್ಟುತ್ತಾರಂತೆ, ಕಟ್ಟಲು ಬರುವವರು ಊರಲ್ಲಿ ಇನ್ನು ಬೆರಳೆಣಿಕೆಯಷ್ಟೇ ಮಂದಿಯಂತೆ. ಮುಡಿಗೆ ನಲವತ್ತೆರಡು ಸೇರು. ಈಗಿನ ಲೆಕ್ಕಕ್ಕೆ ಎಷ್ಟಾಯಿತು ಎಂದರೆ, “ಹತ್ರ ಹತ್ರ ನಲ್ವತ್ ಕಿಲೋ ಅಂದ್ಕಣಿ” ಎಂದರು.

ಇದನ್ನು ತಲೆಗೆ ಹೇಗೆ ಏರಿಸುತ್ತಿದ್ದಿರಿ ಎಂದು ಕೇಳಿದೆ. ಮಾತಿಗೆ ಕೇಳಿದ್ದು. ಅಜ್ಜಯ್ಯ ಎದ್ದೇಬಿಟ್ಟರು. ಮನೆಯೊಳಗಿನಿಂದ “ಬ್ಯಾಡ, ಬ್ಯಾಡ” ಎಂಬ ಹೆಂಗಸಿನ ದನಿ ಬಂತು. ಮುಡಿ ಮುಟ್ಟದೆ, ಬರಿಗೈಯಲ್ಲೇ ತೋರಿಸಿದರು. ಕಾಲು ಅಗಲಿಸಿ ಕುಕ್ಕರಗಾಲಿನಲ್ಲಿ ಕೂತು, ಬೆನ್ನು ನೆಟ್ಟಗಿಟ್ಟು, ಹಗ್ಗಕ್ಕೆ ಬೆರಳು ಕೊಟ್ಟು ಮೊದಲು ತೊಡೆಗೆ. ತೊಡೆಯಿಂದ ಒಂದು ನೂಕು ಕೊಟ್ಟು ಎದೆಗೆ. ಎದೆಯಲ್ಲಿ ಒಂದು ಉಸಿರು. ಆಮೇಲೆ ಮೊಣಕಾಲು ತುಸು ಮಡಿಸಿ, ಫಕ್ಕನೆ ತಲೆಯನ್ನು ಅದರ ಅಡಿಗೆ ತೂರಿಸುವುದು.

“ಎತ್ತುಕ್ ಹೋಪ್ಕಾಗ, ಹ್ವಾಯ್. ಅದ್ರ ಅಡಿಗ್ ನಾವ್ ಹೋಯ್ಕ್.”

ನನಗೆ ಮೈ ಜುಮ್ಮೆಂದಿತು. ಈ ವಾಕ್ಯವನ್ನು ನಾನು ಬೇರೆ ಕಡೆ, ಬೇರೆ ಮಾತಿನಲ್ಲಿ ಕೇಳಿದ್ದೆ. ವೇಟ್‌ಲಿಫ್ಟಿಂಗ್ ತರಬೇತುದಾರರು ಹುಡುಗರಿಗೆ ಮೊದಲ ತಿಂಗಳಲ್ಲೇ ಹೇಳುವ ಪಾಠ ಇದು. ಕಬ್ಬಿಣವನ್ನು ತಲೆಯ ತನಕ ಎಳೆಯುವ ಬಲ ಯಾವ ಮನುಷ್ಯನಿಗೂ ಇಲ್ಲ. ಸೊಂಟದಿಂದ ಸ್ವಲ್ಪ ಮೇಲಕ್ಕೆ ಎಳೆದು, ಅದು ಗಾಳಿಯಲ್ಲಿ ತೂಕ ಮರೆತ ಆ ಅರೆಗಳಿಗೆಯಲ್ಲಿ ತಾನೇ ಕುಸಿದು ಅಡಿಗೆ ಹೋಗಬೇಕು. ತೊಡೆ, ಎದೆ, ಉಸಿರು, ತಲೆ: ಅಜ್ಜಯ್ಯ ತೋರಿಸಿದ್ದು ಅಚ್ಚುಕಟ್ಟಾದ ಕ್ಲೀನ್ ಅಂಡ್ ಜರ್ಕ್.

ಇಷ್ಟು ಉತ್ಸಾಹಕ್ಕೆ ಕಾರಣ ನಾವು ನಿಂತ ಜಾಗ. ಕೆರಾಡಿಯಿಂದ ವಂಡ್ಸೆ ದೂರವಿಲ್ಲ. ವಂಡ್ಸೆಯಿಂದ ಕೊಲ್ಲೂರು ರಸ್ತೆ ಹಿಡಿದರೆ ಚಿತ್ತೂರು, ವೇಟ್‌ಲಿಫ್ಟರ್ ಗುರುರಾಜ ಪೂಜಾರಿಯ ಊರು. ಎರಡು ಕಾಮನ್‌ವೆಲ್ತ್ ಕ್ರೀಡಾಕೂಟ, ಎರಡು ಪದಕ. ನೆಟ್‌ಬಾಲ್, ಲಾನ್ ಬೌಲ್ಸ್ ಎಂದು ನಮ್ಮ ಕಡೆ ಯಾರೂ ಆಡಿರದ ಆಟಗಳ ಆ ದೊಡ್ಡ ಜಾತ್ರೆಗೆ ಈ ಹೋಬಳಿಯಿಂದ ಹೋದ ಹುಡುಗ ಆರಿಸಿಕೊಂಡದ್ದು ಮಾತ್ರ ನಮ್ಮ ಅಜ್ಜಂದಿರು ದಿನವೂ ಮಾಡುತ್ತಿದ್ದ ಕೆಲಸವನ್ನು.

ಆರಿಸಿಕೊಂಡದ್ದು ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಹುಡುಗನಿಗೆ ಹುಚ್ಚು ಇದ್ದದ್ದು ಕುಸ್ತಿಯದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದು ನೋಡಿ ಹಿಡಿದ ಹುಚ್ಚು. 2010ರಲ್ಲಿ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಸೇರಿದಾಗ ಅಲ್ಲಿನ ತರಬೇತುದಾರ ರಾಜೇಂದ್ರ ಪ್ರಸಾದ್ ಆ ಗಿಡ್ಡ, ಗಟ್ಟಿ ಮೈಯನ್ನು ನೋಡಿ ಕಬ್ಬಿಣದ ಕಡೆಗೆ ತಿರುಗಿಸಿದರು. ಆಮೇಲಿನದು ಪತ್ರಿಕೆ ಓದುವವರಿಗೆ ಗೊತ್ತಿರುವ ಕತೆ. ಎತ್ತರ ಸಾಲದೆಂದು ಭೂಸೇನೆಯಲ್ಲಿ ಬೇಡವೆನಿಸಿಕೊಂಡು ವಾಯುಪಡೆ ಸೇರಿದ್ದು, 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ, ಅದೇ ವರ್ಷ ಪೆನಾಂಗ್‌ನ ಕಾಮನ್‌ವೆಲ್ತ್ ಚಾಂಪಿಯನ್‌ಷಿಪ್‌ನಲ್ಲಿ ಇನ್ನೊಂದು ಚಿನ್ನ.

ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ ದಿನವನ್ನು ಮಾತ್ರ ಹೀಗೆ ಓಡಿಸಲು ಮನಸ್ಸು ಬರುವುದಿಲ್ಲ. 2018ರ ಏಪ್ರಿಲ್ 5, ಪುರುಷರ 56 ಕಿಲೋ ವಿಭಾಗ. ಒಂದೇ ಏಟಿಗೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 111 ಕಿಲೋ. ಕ್ಲೀನ್ ಅಂಡ್ ಜರ್ಕ್‌ಗೆ ಬಾರ್ ಮೇಲೆ 138 ಹಾಕಿಸಿದರು. ಮೊದಲ ಯತ್ನ ವಿಫಲ. ಎರಡನೆಯದೂ ವಿಫಲ. ಈ ಆಟದಲ್ಲಿ ಸಿಗುವುದು ಮೂರೇ ಯತ್ನ. ಮೂರೂ ಹೋದರೆ ಮೊದಲು ಎತ್ತಿದ 111ಕ್ಕೂ ಬೆಲೆಯಿಲ್ಲ, ಪಟ್ಟಿಯಲ್ಲಿ ಹೆಸರಿನ ಮುಂದೆ ಒಟ್ಟು ತೂಕವೇ ಇರುವುದಿಲ್ಲ. ಮೂರನೆಯದು ನಿಂತಿತು. ಒಟ್ಟು 249. ಚಿನ್ನ ಗೆದ್ದ ಮಲೇಷ್ಯಾದ ಇಝಾರ್ ಅಹ್ಮದ್ 261 ಎತ್ತಿ ದೂರದಲ್ಲಿದ್ದ, ಕಂಚಿನ ಶ್ರೀಲಂಕಾದವನದು 248. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು.

ಅಜ್ಜಯ್ಯನ ಲೆಕ್ಕದಲ್ಲಿ 138 ಎಂದರೆ ಹತ್ತಿರ ಹತ್ತಿರ ಮೂರೂವರೆ ಮುಡಿ. ಹೇಳಿದೆ. ಅವರು ನಂಬಲಿಲ್ಲ. “ಒಟ್ಟಿಗಾ?” ಎಂದು ಎರಡು ಸಲ ಕೇಳಿದರು.

ಗುರುರಾಜ ಗೆದ್ದ ಮರುದಿನ ಬಂದ ವರದಿಗಳ ಬಗ್ಗೆ ನನಗೊಂದು ತಕರಾರಿದೆ. ಎಲ್ಲದರಲ್ಲೂ ‘ಚಾಲಕನ ಮಗ’. ತಂದೆ ಪಿಕಪ್ ಓಡಿಸುತ್ತಿದ್ದುದು ನಿಜ, ಮನೆ ತುಂಬ ಅಣ್ಣತಮ್ಮಂದಿರು ಇದ್ದದ್ದೂ ನಿಜ. ಆದರೆ ಬಡತನ ಯಾರಿಗೂ ಸ್ನ್ಯಾಚ್ ಕಲಿಸುವುದಿಲ್ಲ. ಕಲಿಸಿದ್ದು ಉಜಿರೆಯ ಆ ತಾಲೀಮಿನ ಕೋಣೆ ಮತ್ತು ಒಬ್ಬ ಮೇಷ್ಟ್ರು. ಹಾಗೆ ನೋಡಿದರೆ ನನ್ನ ಮುಡಿಯ ಸಿದ್ಧಾಂತವೂ ಅಷ್ಟಕ್ಕಷ್ಟೇ. ಮುಡಿ ಹೊತ್ತವರ ಊರಲ್ಲೆಲ್ಲ ಪದಕ ಹುಟ್ಟುವುದಾದರೆ ಕರಾವಳಿಯಲ್ಲಿ ಅವನ್ನಿಡಲು ಅಟ್ಟ ಸಾಲುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಆ ಅಂಗಳದಲ್ಲಿ ನಾನು ಅದನ್ನು ನಂಬಿದ್ದೆ, ಈಗಲೂ ಅರ್ಧ ನಂಬುತ್ತೇನೆ.

ನಾಲ್ಕು ವರ್ಷದ ಮೇಲೆ, 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಂ. ಈ ಸಲ 61 ಕಿಲೋ ವಿಭಾಗ, 118 ಮತ್ತು 151, ಒಟ್ಟು 269, ಕಂಚು. ನಾಲ್ಕನೆಯವನಾಗಿ ಉಳಿದ ಕೆನಡಾದವನು ಎತ್ತಿದ್ದು 268. ಎರಡೂ ಪದಕಗಳು ಒಂದೊಂದು ಕಿಲೋದಲ್ಲಿ ಉಳಿದುಕೊಂಡವು, ಒಂದು ಸೇರಿನಷ್ಟು ಅಕ್ಕಿಯಲ್ಲಿ ಎನ್ನಿ. ಇದಾಗಿ ಸರಿಯಾಗಿ ಎರಡು ತಿಂಗಳಿಗೆ, ಸೆಪ್ಟೆಂಬರ್ 30ಕ್ಕೆ, ಕೆರಾಡಿಯ ರಿಷಬ್ ಶೆಟ್ಟಿಯವರ ‘ಕಾಂತಾರ’ ತೆರೆಗೆ ಬಂತು. ಆಮೇಲೆ ಈ ಸೀಮೆಗೆ ದಾರಿ ಕೇಳುವವರು ಚಿತ್ತೂರನ್ನು ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

56ರವನು 61ಕ್ಕೆ ಏಕೆ ಹೋದ? ಇಲ್ಲಿಂದ ನನಗೆ ಪ್ರಿಯವಾದ ಹುಚ್ಚೊಂದು ಶುರುವಾಗುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಹಿರಿಯರ ಪಟ್ಟಿಯಲ್ಲಿ 56 ಎಂಬ ವಿಭಾಗವೇ ಈಗ ಇಲ್ಲ. ಗುರುರಾಜ ಬೆಳ್ಳಿ ಗೆದ್ದ ವರ್ಷದ ಕೊನೆಯಲ್ಲೇ ಅಂತರರಾಷ್ಟ್ರೀಯ ಒಕ್ಕೂಟ ತೂಕದ ಪಟ್ಟಿಯನ್ನು ಪೂರಾ ಬದಲಿಸಿ 55 ಮತ್ತು 61 ಎಂದು ಮಾಡಿತು. ಅದಕ್ಕೂ ಹಿಂದೆ, 1993ರಲ್ಲಿ, 56 ಹೋಗಿ 54 ಬಂದಿತ್ತು. 1998ರಲ್ಲಿ 54 ಹೋಗಿ 56 ಮರಳಿತ್ತು. ಪ್ರತಿ ಸಲವೂ ಹಳೆಯ ವಿಶ್ವದಾಖಲೆಗಳಿಗೆ ಬೀಗ ಬಿದ್ದು ಹೊಸ ಖಾತೆ ತೆರೆಯುತ್ತದೆ. ಉದ್ದೀಪನ ಮದ್ದಿನ ಕಾಲದ ದಾಖಲೆಗಳನ್ನು ಗುಡಿಸಿ ಹಾಕಲು ಇದೊಂದು ಉಪಾಯ ಎಂಬ ಮಾತೂ ಇದೆ. ತಮಾಷೆ ಅಂದರೆ 2025ರ ಜೂನ್‌ನಿಂದ 61 ಕೂಡ ಇಲ್ಲ, ಅದೀಗ 60. ಗುರುರಾಜ ಗೆದ್ದ ಎರಡೂ ವಿಭಾಗಗಳು ಅಳಿಸಿಹೋದವು. ಹಾಗೆಂದು 60 ಹೊಸತೇನೂ ಅಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಟರ್ಕಿಯ ನಯೀಮ್ ಸುಲೇಮಾನೊಗ್ಲು ಅದೇ 60ರಲ್ಲಿ ನಿಂತು 190 ಕಿಲೋ ಎತ್ತಿದ್ದ, ತನ್ನ ತೂಕದ ಮೂರು ಪಟ್ಟಿಗೂ ಮಿಕ್ಕಿ. ಅವನ ಎತ್ತರ ನಾಲ್ಕು ಅಡಿ ಹತ್ತು ಇಂಚು. ನಮ್ಮ ಭೂಸೇನೆ ಅವನನ್ನೂ ಬೇಡವೆನ್ನುತ್ತಿತ್ತು.

ಇನ್ನೊಂದು ಲೆಕ್ಕ ಹಾಕಿದೆ, ಹೋಟೆಲ್ ಬಿಲ್ಲಿನ ಹಿಂಬದಿಯಲ್ಲಿ. 56ಕ್ಕೆ 138 ಎಂದರೆ ದೇಹತೂಕದ ಎರಡೂವರೆ ಪಟ್ಟಿಗೆ ಕೂದಲೆಳೆ ಕಡಿಮೆ. 61ಕ್ಕೆ 151, ಅದೂ ಅಷ್ಟೇ. ಮೈ ಐದು ಕಿಲೋ ಹೆಚ್ಚಿತು, ವಯಸ್ಸು 25 ಇದ್ದದ್ದು 30ರ ಹತ್ತಿರ ಬಂತು, ಪಟ್ಟು ಮಾತ್ರ ಅಲ್ಲೇ ನಿಂತಿತು. 249ಕ್ಕೂ 269ಕ್ಕೂ ನಡುವಿನ ಅಂತರ 20. ತಟ್ಟೆ ಹಾಕದ ಬರಿ ಬಾರ್‌ನ ತೂಕ ಸರಿಯಾಗಿ 20 ಕಿಲೋ. ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ಆ ಬಿಲ್ಲನ್ನು ಇಟ್ಟುಕೊಂಡಿದ್ದೇನೆ.

ಅಂಗಳದಲ್ಲಿ ಇದನ್ನೆಲ್ಲ ಅಜ್ಜಯ್ಯನಿಗೆ ವಿವರಿಸಲು ಹೋಗಿದ್ದೆ. ವಿಭಾಗ ರದ್ದಾಯಿತು ಎಂದದ್ದಷ್ಟೇ ಅವರಿಗೆ ಹಿಡಿಯಿತು. ಮುಖದಲ್ಲಿ ಗಾಬರಿ.

“ಹಂಗಾರೆ ಆ ಪದಕ ವಾಪಸ್ ಕೊಡ್ಕಾ?”

ಬೇಡ ಅಜ್ಜಯ್ಯ, ಪದಕ ಅವರ ಹತ್ತಿರವೇ ಇರುತ್ತದೆ ಎಂದೆ. ಸಮಾಧಾನವಾಯಿತು. ಮುಡಿಯ ಮೇಲೆ ಕೈಯಿಟ್ಟು, “ಸೇರೂ ಈಗ ಇಲ್ಲ ಅಲ್ದಾ, ಮುಡಿ ಇತ್ತ್ ಕಾಣಿ” ಎಂದರು. ನಂತರ ನನ್ನನ್ನು ಮೇಲಿನಿಂದ ಕೆಳಗೆ ಅಳೆದು, ಒಂದು ಸಲ ಕಾಂಬ ಎಂಬಂತೆ ಮುಡಿಯತ್ತ ಗಲ್ಲ ಕುಣಿಸಿದರು.

ಕುಕ್ಕರಗಾಲಿನಲ್ಲಿ ಕೂತೆ, ಬೆನ್ನು ನೆಟ್ಟಗೆ ಮಾಡಿದೆ, ಹಗ್ಗಕ್ಕೆ ಬೆರಳು ಕೊಟ್ಟೆ. ಮೊದಲ ಸಲ ನೆಲ ಬಿಡಲಿಲ್ಲ. ಎರಡನೇ ಸಲ ಮೊಣಕಾಲಿನ ತನಕ ಬಂದು, ಮೈತುಂಬ ಹುಲ್ಲು ಉದುರಿಸಿ, ಕೆಳಗೆ ಕೂತಿತು. ಒಳಗಿನಿಂದ ಚಾ ಆಯಿತೆಂದು ಕರೆದರು. ಮೂರನೇ ಯತ್ನ ಬಾಕಿ ಇತ್ತು, ಬಿಟ್ಟುಕೊಟ್ಟು ಜಗಲಿ ಹತ್ತಿದೆ.